ಜೇಬಿನೊಳಗಿನ ಸೈನ್

ಪಿಯುಸಿಯಲ್ಲಿ ನಾನೊಂದು ಕಳ್ಳ ಲೆಕ್ಕ ಮಾಡಿದ್ದೆ. ತ್ರಿಕೋನಮಿತಿಯ ಸಮೀಕರಣವೊಂದನ್ನು ಸಾಧಿಸಬೇಕಿತ್ತು. ಎಡಗಡೆಯಿಂದ ನಾಲ್ಕು ಸಾಲು ಇಳಿದು ಸಿಕ್ಕಿಹಾಕಿಕೊಂಡೆ. ಉತ್ತರ ಹೇಗೂ ಪ್ರಶ್ನೆಯಲ್ಲೇ ಇದೆಯಲ್ಲ ಅಂತ, ಬಲಗಡೆಯಿಂದ ಮೂರು ಸಾಲು ಮೇಲಕ್ಕೆ ಹತ್ತಿಸಿದೆ. ಎರಡೂ ಸೇರದ ಜಾಗಕ್ಕೆ ಸಮ ಚಿಹ್ನೆ ಹಾಕಿ ‘ಹೆನ್ಸ್ ಪ್ರೂವ್ಡ್’ ಅಂದುಬಿಟ್ಟೆ. ಸೊನ್ನೆ ಬಂತು. ಹಳ್ಳಿಯ ಕನ್ನಡ ಶಾಲೆಯಿಂದ ಬಂದವನಿಗೆ ಆಗ ಇಂಗ್ಲಿಷೇ ಶತ್ರು ಅನ್ನಿಸಿತ್ತು. ಅಸಲಿಗೆ ಸಾಧಿಸೋದು ಅಂದ್ರೆ ಏನು ಅನ್ನೋದೇ ನನಗೆ ಗೊತ್ತಿರಲಿಲ್ಲ.

ಸೈನ್‌ನ ಹಳೇ ಹೆಸರು ಜ್ಯಾ, ಬಿಲ್ಲಿನ ಹೆದೆ. ಅರಬ್ಬರು ಅದನ್ನು ‘ಜೀಬ’ ಅಂತ ತಗೊಂಡರು. ಸ್ವರ ಬರೆಯದ ಲಿಪಿಯಲ್ಲಿ ಅದು ‘ಜೈಬ್’, ಅಂದರೆ ಅಂಗಿಯ ಮಡಿಕೆ, ಅಂತ ಓದಿಸಿಕೊಂಡಿತು. ಲ್ಯಾಟಿನ್‌ಗೆ ತಂದವರು ಅದೇ ಅರ್ಥದ ‘ಸೈನಸ್’ ಹಾಕಿದರು. ನಮ್ಮ ಜೇಬು ಕೂಡ ಅದೇ ಜೈಬ್!

499ರ ‘ಆರ್ಯಭಟೀಯ’ದಲ್ಲಿ 24 ಜ್ಯಾಗಳ ವ್ಯತ್ಯಾಸಗಳು ಒಂದೇ ಶ್ಲೋಕದಲ್ಲಿವೆ. ತ್ರಿಜ್ಯ 3438. ಕೂಡಿಸುತ್ತಾ ಹೋದರೆ 30 ಡಿಗ್ರಿಗೆ 1719, 60 ಡಿಗ್ರಿಗೆ 2978. ಈ ಎರಡನೆಯದೇ 30 ಡಿಗ್ರಿಯ ಕೋಟಿಜ್ಯಾ, ನಮ್ಮ ಕಾಸ್. ಎರಡರ ವರ್ಗಗಳ ಮೊತ್ತ 1,18,23,445. ತ್ರಿಜ್ಯದ ವರ್ಗ 1,18,19,844. ದುಂಡಾಗಿಸಿದ ಅಂಕಿಗಳಿಗೆ ಭಲೇ ಹತ್ತಿರ! ಆದ್ರೆ ಆಫೀಸಿನ ಭಾಷೆಯಲ್ಲಿ ಇದು ಬರೀ ಟೆಸ್ಟಿಂಗ್. 24 ಕೇಸ್ ಪಾಸಾದರೂ 25ನೆಯದು ಬೀಳಬಹುದು.

‘ಯಾಕೆ’ ಅನ್ನೋದು ನನಗೆ ಸಿಕ್ಕಿದ್ದು ಕೇರಳದ ಜ್ಯೇಷ್ಠದೇವ ಸುಮಾರು 1530ರಲ್ಲಿ ಬರೆದ ‘ಯುಕ್ತಿಭಾಷಾ’ದ ಬಗ್ಗೆ ಓದಿದಾಗ. ಶಾಸ್ತ್ರ ಅಂದ್ರೆ ಸಂಸ್ಕೃತ ಶ್ಲೋಕ ಅನ್ನೋ ಕಾಲದಲ್ಲಿ ಈತ ಮಲಯಾಳಂ ಗದ್ಯದಲ್ಲಿ ಬರೆದ. ಸೂತ್ರ ಕೊಟ್ಟು ಸುಮ್ಮನಾಗಲಿಲ್ಲ. ಇದನ್ನು ಹೀಗೆ ಇಡು, ಹೀಗೆ ಕತ್ತರಿಸು ಅಂತ ಕೈಹಿಡಿದು ನಡೆಸಿದ. ಸಂಗಮಗ್ರಾಮದ ಮಾಧವನ ಅನಂತ ಶ್ರೇಢಿಗಳಿಗೂ ಅದರಲ್ಲಿ ಯುಕ್ತಿ ಇದೆ. ಇಂಗ್ಲಿಷ್ ಬಾರದೇ ಸೋತೆ ಅಂದುಕೊಂಡಿದ್ದವನಿಗೆ ಹೊಟ್ಟೆಕಿಚ್ಚೇ ಆಯ್ತು.

ಮೊನ್ನೆ ಊರಲ್ಲಿ ಅಕ್ಕನ ಮಗಳು ಇದೇ ಲೆಕ್ಕ ಹಿಡ್ಕೊಂಡು ಕೂತಿದ್ದಳು. ಹಳೇ ಪೇಪರ್‌ನಲ್ಲಿ ಭುಜದ ಚೌಕ, ಕೋಟಿಯ ಚೌಕ ಪಕ್ಕಪಕ್ಕ ಇಟ್ಟೆವು. ಎರಡು ತ್ರಿಕೋನ ಕತ್ತರಿಸಿ, ತಿರುಗಿಸಿ ಇಟ್ಟರೆ ಕರ್ಣದ ಚೌಕ! ಎಲ್ಲವನ್ನೂ ಕರ್ಣದ ವರ್ಗದಿಂದ ಭಾಗಿಸಿದಳು: ಸೈನ್ ವರ್ಗ, ಕಾಸ್ ವರ್ಗ ಕೂಡಿದರೆ 1. ಕಾಸ್ ವರ್ಗದಿಂದ ಭಾಗಿಸಿದಳು. ಟ್ಯಾನ್, ಸೆಕ್ ತಾವಾಗೇ ಬಂದವು.

“ಮಾವ, ಪರೀಕ್ಷೇಲಿ ಪೇಪರ್ ತುಂಡು ಅಂಟಿಸಿದ್ರೆ ಮಾರ್ಕ್ಸ್ ಕೊಡ್ತಾರಾ?” ಅಂದಳು.