1969ರ ಕಾಂಗ್ರೆಸ್ ಒಡಕು ಮತ್ತು ನಮ್ಮ ನೆರೆಯ ಇಬ್ಬರು ಹಿರಿಯರು

1956ರ ನವೆಂಬರ್ 1ರಂದು ಇಬ್ಬರು ಕಾಂಗ್ರೆಸ್ಸಿಗರು ಮುಖ್ಯಮಂತ್ರಿಗಳಾದರು. ಆಂಧ್ರಪ್ರದೇಶಕ್ಕೆ ಅನಂತಪುರ ಜಿಲ್ಲೆಯ ಇಲ್ಲೂರಿನ ನೀಲಂ ಸಂಜೀವರೆಡ್ಡಿ, ವಿಶಾಲ ಮೈಸೂರಿಗೆ ಚಿತ್ರದುರ್ಗದ ಎಸ್. ನಿಜಲಿಂಗಪ್ಪ. ನಿಜಲಿಂಗಪ್ಪನವರು ಹುಟ್ಟಿದ್ದು ಅಂದಿನ ಬಳ್ಳಾರಿ ಜಿಲ್ಲೆಯ ಹಲುವಾಗಲಿನಲ್ಲಿ. 1953ರ ಅಕ್ಟೋಬರ್ 1ರವರೆಗೆ ನಮ್ಮ ರಾಯದುರ್ಗವೂ ಅದೇ ಜಿಲ್ಲೆ. ಹದಿಮೂರು ವರ್ಷಗಳ ಮೇಲೆ ಈ ಇಬ್ಬರೂ ಒಂದೇ ಪಾಳೆಯದಲ್ಲಿ ನಿಂತು ಸೋತರು. ಕಿರಿಯ ಸದಸ್ಯರ ತಿಳಿವಳಿಕೆಗಾಗಿ ಆ ಸಂಗತಿಯನ್ನು ಇಲ್ಲಿ ಕೊಡುತ್ತಿದ್ದೇವೆ.

ಹಳೆಯ ಕಾಂಗ್ರೆಸ್ಸಿನ ಸಂಪ್ರದಾಯವೆಂದರೆ ಮಡಿ ಮೈಲಿಗೆಯ ಮಾತಲ್ಲ. ಅಭ್ಯರ್ಥಿಯನ್ನು ಪಕ್ಷದ ಮಂಡಳಿ ಆರಿಸಬೇಕು, ಪ್ರಧಾನಿಯೂ ಅದಕ್ಕೆ ತಲೆಬಾಗಬೇಕು. ಆಸ್ತಿ, ಬ್ಯಾಂಕುಗಳ ವಿಷಯದಲ್ಲಿ ಆತುರ ಕೂಡದು, ರಾಷ್ಟ್ರೀಕರಣಕ್ಕಿಂತ ಸಾಮಾಜಿಕ ನಿಯಂತ್ರಣ ಸಾಕು. ಮೊರಾರ್ಜಿ ದೇಸಾಯಿ, ಕಾಮರಾಜ್ ಮೊದಲಾದ ಹಿರಿಯರ ಈ ಗುಂಪನ್ನು ಪತ್ರಿಕೆಗಳು 'ಸಿಂಡಿಕೇಟ್' ಎಂದು ಕರೆದವು.

1969ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಸೇರಿದ ಪಕ್ಷದ ಮಂಡಳಿ ರಾಷ್ಟ್ರಪತಿ ಸ್ಥಾನಕ್ಕೆ ಸಂಜೀವರೆಡ್ಡಿಯವರನ್ನು ಬಹುಮತದಿಂದ ಆರಿಸಿತು. ಇಂದಿರಾ ಗಾಂಧಿಯವರಿಗೆ ಇದು ಇಷ್ಟವಿರಲಿಲ್ಲ. ಆದರೂ ನಾಮಪತ್ರಕ್ಕೆ ಸೂಚಕರಾಗಿ ಸಹಿ ಹಾಕಿದರು. ಕೆಲವೇ ದಿನಗಳಲ್ಲಿ ಮೊರಾರ್ಜಿಯವರಿಂದ ಹಣಕಾಸು ಖಾತೆ ಹೋಯಿತು. ಜುಲೈ 19ರಂದು 14 ಬ್ಯಾಂಕುಗಳು ರಾಷ್ಟ್ರೀಕರಣವಾದವು. (ಅವುಗಳಲ್ಲಿ ಸಿಂಡಿಕೇಟ್ ಬ್ಯಾಂಕೂ ಒಂದು. ಹೆಸರು ಕೂಡಿಬಂದದ್ದಷ್ಟೇ, ಹಿರಿಯರ ಗುಂಪಿಗೂ ಅದಕ್ಕೂ ಸಂಬಂಧವಿಲ್ಲ.) ಆ ಮೇಲೆ ಹಳ್ಳಿಗಳಿಗೂ ಬ್ಯಾಂಕ್ ಶಾಖೆಗಳು ಬಂದವು, ನಮ್ಮ ಸೀಮೆಯ ಶೇಂಗಾ ಬೆಳೆಗಾರನಿಗೆ ಅದರಿಂದ ಅನುಕೂಲವೇ ಆಯಿತು. ಆದ್ದರಿಂದ ಹಿರಿಯರು ಹೇಳಿದ್ದೆಲ್ಲ ಸರಿ ಎನ್ನಲಾರೆವು.

ಮತದಾನಕ್ಕೆ ಮುನ್ನ ಪ್ರಧಾನಿಯವರು ಆತ್ಮಸಾಕ್ಷಿಯಂತೆ ಮತ ಹಾಕಿರೆಂದರು. ತಾವೇ ಸೂಚಿಸಿದ ಅಭ್ಯರ್ಥಿಯ ವಿರುದ್ಧ ಹೀಗೆ ಹೇಳಿದ್ದು ಪಕ್ಷದ ಶಿಸ್ತಿಗೆ ಬಿದ್ದ ದೊಡ್ಡ ಪೆಟ್ಟು. ಆದರೆ ಮೊದಲ ಬಿರುಕು ಹಿರಿಯರ ಕಡೆಯಿಂದಲೂ ಬಂದಿತ್ತೆಂಬುದನ್ನು ಮರೆಯಬಾರದು. ಕಾಂಗ್ರೆಸ್ ಅಧ್ಯಕ್ಷರಾಗಿದ್ದ ನಿಜಲಿಂಗಪ್ಪನವರು ಎರಡನೆಯ ಪ್ರಾಶಸ್ತ್ಯದ ಮತಗಳಿಗಾಗಿ ಜನಸಂಘ, ಸ್ವತಂತ್ರ ಪಕ್ಷಗಳ ನಾಯಕರನ್ನು ಕಂಡಿದ್ದರು. ಎದುರು ಪಕ್ಷದವರಿಗೆ ಅದೇ ಅಸ್ತ್ರವಾಯಿತು. ಕೊನೆಯ ಎಣಿಕೆಯಲ್ಲಿ ವಿ.ವಿ. ಗಿರಿಯವರಿಗೆ 4,20,077, ರೆಡ್ಡಿಯವರಿಗೆ 4,05,427 ಮತಮೌಲ್ಯ ಬಂತು. ನವೆಂಬರ್ 12ರಂದು ಇಂದಿರಾ ಅವರನ್ನು ಪಕ್ಷದಿಂದ ಹೊರಹಾಕಲಾಯಿತು, ಪಕ್ಷವೇ ಎರಡಾಯಿತು. 1971ರ ಲೋಕಸಭೆಯಲ್ಲಿ ಸಂಸ್ಥಾ ಕಾಂಗ್ರೆಸ್ಸಿಗೆ ಸಿಕ್ಕಿದ್ದು 16 ಸ್ಥಾನ. ನಿಜಲಿಂಗಪ್ಪನವರ ಸ್ವಂತ ಮೈಸೂರು ರಾಜ್ಯದ 27ಕ್ಕೆ 27 ಸ್ಥಾನಗಳೂ ಇಂದಿರಾ ಕಡೆಗೆ ಹೋದವು.

ನಮ್ಮ ದೃಷ್ಟಿಯಲ್ಲಿ ಬ್ಯಾಂಕಿನ ವಾದಕ್ಕಿಂತ ದೊಡ್ಡ ನಷ್ಟ ಬೇರೆಯದು. 1972ರ ಬಳಿಕ ಸುಮಾರು ಇಪ್ಪತ್ತು ವರ್ಷ ಕಾಂಗ್ರೆಸ್ಸಿನೊಳಗೆ ಸಾಂಸ್ಥಿಕ ಚುನಾವಣೆಯೇ ನಡೆಯಲಿಲ್ಲ, ಮೇಲಿನವರು ಹೆಸರಿಸಿದವರೇ ಅಧ್ಯಕ್ಷರು. ಗಡಿ ತಾಲೂಕಿನ ಕನ್ನಡ ಶಾಲೆಯಂಥ ಸಣ್ಣ ಅಹವಾಲು ನೇರವಾಗಿ ದೆಹಲಿ ಮುಟ್ಟುವುದಿಲ್ಲ. ಅದನ್ನು ಹೊತ್ತೊಯ್ಯಬೇಕಾದವರು ಊರಿನವರಿಂದ ಆರಿಸಿಬಂದು ಊರಿನವರಿಗೆ ಉತ್ತರ ಹೇಳಬೇಕಾದ ಸಮಿತಿಯವರು. ಅವರ ಮಾತಿಗೆ ಬೆಲೆ ಇಲ್ಲದಾದರೆ ನಮ್ಮಂಥ ಅಲ್ಪಸಂಖ್ಯಾತ ಭಾಷಿಕರಿಗೆ ಬಾಗಿಲು ತಟ್ಟುವ ಜಾಗವೇ ಇರುವುದಿಲ್ಲ.

ಆಂಧ್ರದಲ್ಲಿ 1978ರಿಂದ 1983ರೊಳಗೆ ನಾಲ್ವರು ಕಾಂಗ್ರೆಸ್ ಮುಖ್ಯಮಂತ್ರಿಗಳಾದರು. ಅದೇ ಅಸಮಾಧಾನದ ಮೇಲೆ 1982ರಲ್ಲಿ ತೆಲುಗುದೇಶಂ ಹುಟ್ಟಿತು, ಮಡಕಶಿರಾದ ಪಕ್ಕದ ಹಿಂದೂಪುರ 1985ರಲ್ಲಿ ಎನ್.ಟಿ. ರಾಮರಾವ್ ಅವರನ್ನು ಆರಿಸಿ ಕಳಿಸಿತು. ಕರ್ನಾಟಕದಲ್ಲಿ ಅಸ್ವಸ್ಥರಾಗಿದ್ದ ವೀರೇಂದ್ರ ಪಾಟೀಲರ ಬದಲಾವಣೆಯನ್ನು 1990ರಲ್ಲಿ ರಾಜೀವ್ ಗಾಂಧಿಯವರು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಪ್ರಕಟಿಸಿದರು.

ಸಂಜೀವರೆಡ್ಡಿಯವರು 1977ರಲ್ಲಿ ಜನತಾ ಪಕ್ಷದಿಂದ ನಂದ್ಯಾಲದಲ್ಲಿ ಗೆದ್ದರು. ಆಂಧ್ರದಲ್ಲಿ ಆ ಪಕ್ಷಕ್ಕೆ ಸಿಕ್ಕಿದ್ದು ಅದೊಂದೇ ಸ್ಥಾನ. ಅದೇ ಜುಲೈಯಲ್ಲಿ ಅವಿರೋಧವಾಗಿ ರಾಷ್ಟ್ರಪತಿಯಾದರು. ನಿಜಲಿಂಗಪ್ಪನವರು 2000ದ ಆಗಸ್ಟ್ 8ರಂದು ಚಿತ್ರದುರ್ಗದಲ್ಲಿ ತೀರಿಕೊಂಡರು.