ವಿದ್ಯಾರ್ಥಿಗಳ ತಾಂತ್ರಿಕ ಯೋಜನೆಗಳ ಗುಣಪರೀಕ್ಷೆ: ಬ್ಯಾಡಗಿಯ ಕಣವನ್ನು ಕುರಿತು ಒಂದು ವಿಚಾರ

ವಾಯುಗುಣಕ್ಕೆ ಹಿತವಾದ ಉಪಕರಣಗಳನ್ನು ಕುರಿತು ವಿದ್ಯಾರ್ಥಿಗಳ ತಂಡಗಳು ಯೋಜನೆಗಳನ್ನು ಸಿದ್ಧಪಡಿಸುವುದು, ತಜ್ಞರು ಅವುಗಳನ್ನು ಪರೀಕ್ಷಿಸಿ ತಾರತಮ್ಯವನ್ನು ನಿರ್ಣಯಿಸುವುದು ಇಂದು ತಾಂತ್ರಿಕ ಶಿಕ್ಷಣದ ವಾರ್ಷಿಕ ಕ್ರಮವಾಗಿದೆ. ಯೋಜನೆಗಳನ್ನು ತೂಗುವ ತಕ್ಕಡಿ ಯಾವುದೆಂಬ ಪ್ರಶ್ನೆ ಮಾತ್ರ ಸಾಕಷ್ಟು ವಿಚಾರಕ್ಕೆ ಒಳಗಾಗಿಲ್ಲವೆಂದು ಹೇಳಬೇಕಾಗುತ್ತದೆ. ಪ್ರಕೃತ ಲೇಖನದಲ್ಲಿ ಕರ್ನಾಟಕದಲ್ಲಿ ಈ ಪರೀಕ್ಷೆ ನಡೆದುಬಂದ ಬಗೆಯನ್ನು ಸಂಕ್ಷೇಪವಾಗಿ ನಿರೂಪಿಸಿ, ಹಾವೇರಿ ಜಿಲ್ಲೆಯ ಬ್ಯಾಡಗಿಯ ಮೆಣಸಿನಕಾಯಿಯನ್ನು ನಿದರ್ಶನವಾಗಿಟ್ಟುಕೊಂಡು, ಪರೀಕ್ಷಕನು ಮೊದಲು ಕೇಳಬೇಕಾದ ಪ್ರಶ್ನೆ ಯಾವುದೆಂಬುದನ್ನು ವಿವೇಚಿಸಲಾಗಿದೆ.

ನಮ್ಮ ರಾಜ್ಯದಲ್ಲಿ ಇದರ ಮೂಲವನ್ನು 1970ರ ದಶಕದಲ್ಲಿ ಕಾಣಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ಕುಮಾರ್ ಎನ್. ರೆಡ್ಡಿಯವರ ನೇತೃತ್ವದಲ್ಲಿ 1974ರಲ್ಲಿ ‘ಅಸ್ತ್ರ’ ಎಂಬ ಘಟಕ ಹುಟ್ಟಿತು. ಗ್ರಾಮಗಳಿಗೆ ಒಪ್ಪುವ ತಂತ್ರಜ್ಞಾನವನ್ನು ರೂಪಿಸುವುದು ಅದರ ಉದ್ದೇಶ. ಮರುವರ್ಷ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಸ್ಥಾಪಿತವಾಯಿತು. 1977ರಿಂದ ಈ ಮಂಡಳಿ ಎಂಜಿನಿಯರಿಂಗ್ ಕಾಲೇಜುಗಳ ಅಂತಿಮ ವರ್ಷದ ವಿದ್ಯಾರ್ಥಿಗಳ ಯೋಜನೆಗಳಿಗೆ ಧನಸಹಾಯ ನೀಡುತ್ತ ಬಂದಿದೆ. ಪ್ರಸ್ತಾವಗಳನ್ನು ತಜ್ಞರು ಆರಿಸುತ್ತಾರೆ. ಕೆಲಸ ನಡೆದ ಮೇಲೆ ಮತ್ತೆ ಪರೀಕ್ಷಿಸುತ್ತಾರೆ. ಉತ್ತಮವಾದವು ರಾಜ್ಯಮಟ್ಟದ ಪ್ರದರ್ಶನಕ್ಕೆ ಬರುತ್ತವೆ. ‘ವಾಯುಗುಣ ಬದಲಾವಣೆ’ ಎಂಬ ಮಾತು ಲೋಕರೂಢಿಗೆ ಬರುವುದಕ್ಕೆ ಮುಂಚೆಯೇ ನಮ್ಮಲ್ಲಿ ಇಂತಹದೊಂದು ವ್ಯವಸ್ಥೆ ಏರ್ಪಟ್ಟಿತ್ತೆಂಬುದು ಗಮನಾರ್ಹ.

ಆದರೆ ತಜ್ಞರ ನಿರ್ಣಯವೇ ಕೊನೆಯದಲ್ಲ. ಅದರ ಮೇಲೆ ಗ್ರಾಮದ ನಿರ್ಣಯವೊಂದಿದೆ. ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದ ಇತಿಹಾಸ ಇದಕ್ಕೆ ಸಾಕ್ಷಿ. 1980ರ ದಶಕದ ಆರಂಭದಲ್ಲಿ ಅಲ್ಲಿ ಸಗಣಿಯ ಅನಿಲದಿಂದ ಇಡೀ ಊರಿನ ಅಡುಗೆ ನಡೆಯಬೇಕೆಂಬ ಯೋಜನೆ ಕೈಗೊಳ್ಳಲಾಯಿತು. ಸ್ಥಾವರದಲ್ಲಿ ದೋಷವಿರಲಿಲ್ಲ; ದೊರೆಯುತ್ತಿದ್ದ ಸಗಣಿ ಎಲ್ಲರ ಅಡುಗೆಗೆ ಸಾಲಲಿಲ್ಲ. ಮೇಲಾಗಿ, ಕಟ್ಟಿಗೆ ದುಡ್ಡಿಲ್ಲದೆ ಆಯ್ದು ತರುವ ವಸ್ತುವಾಗಿದ್ದ ಊರಿನಲ್ಲಿ ಜನರ ಮುಖ್ಯ ಬೇಡಿಕೆ ಅಡುಗೆಯ ಅನಿಲವಾಗಿರದೆ ಕುಡಿಯುವ ನೀರಾಗಿತ್ತು. 1987ರಲ್ಲಿ ಯೋಜನೆಯ ಗುರಿಯನ್ನೇ ಬದಲಿಸಿದರು. ಅದೇ ಅನಿಲದಿಂದ ಎಂಜಿನ್ ನಡೆಸಿ, ಕೊಳವೆ ಬಾವಿಯ ನೀರನ್ನೂ ಮನೆಗಳಿಗೆ ದೀಪವನ್ನೂ ಒದಗಿಸಿದರು. ಸಗಣಿ ತಂದವರಿಗೆ ಹಣವೂ ಗೊಬ್ಬರಕ್ಕೆ ಬಗ್ಗಡವೂ ಮರಳುತ್ತಿದ್ದವು. ವ್ಯವಸ್ಥೆ ಹಲವು ವರ್ಷ ನಡೆಯಿತು. ಒಂದೇ ಯಂತ್ರ ಒಂದು ಪ್ರಶ್ನೆಗೆ ಉತ್ತರವಾಗಿ ಸೋತು, ಇನ್ನೊಂದಕ್ಕೆ ಉತ್ತರವಾಗಿ ಗೆದ್ದಿತು.

1983ರಿಂದ 2002ರವರೆಗೆ ನಡೆದ ರಾಷ್ಟ್ರೀಯ ಸುಧಾರಿತ ಒಲೆಗಳ ಕಾರ್ಯಕ್ರಮವೂ ಇದನ್ನೇ ಬೋಧಿಸುತ್ತದೆ. ದೇಶದಲ್ಲಿ ಮೂರು ಕೋಟಿಗೂ ಮಿಕ್ಕಿ ಒಲೆಗಳನ್ನು ಹೂಡಲಾಯಿತು. ಪ್ರಯೋಗಾಲಯದಲ್ಲಿ ಗೆದ್ದ ಅನೇಕ ಒಲೆಗಳು ಅಡುಗೆಮನೆಯಲ್ಲಿ ದುರಸ್ತಿಯಿಲ್ಲದೆ ಮೂಲೆಗುಂಪಾದವು.

ಹೀಗಿರಲು ಬ್ಯಾಡಗಿಯ ವಿಷಯಕ್ಕೆ ಬರೋಣ. ಕಡುಗೆಂಪು ಬಣ್ಣ, ಸುಕ್ಕುಗಟ್ಟಿದ ಸಿಪ್ಪೆ, ಕಡಿಮೆ ಖಾರ, ಇವು ಬ್ಯಾಡಗಿ ಮೆಣಸಿನಕಾಯಿಯ ಲಕ್ಷಣಗಳು. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಹಣ್ಣಾದ ಕಾಯಿಯನ್ನು ಕಣದಲ್ಲಿ ಹರಡಿ, ತೇವಾಂಶ ಶೇಕಡಾ 10-12ರ ಹತ್ತಿರಕ್ಕೆ ಇಳಿಯುವವರೆಗೆ ಬಿಸಿಲಿಗೆ ಒಣಗಿಸುತ್ತಾರೆ. ಅಕಾಲದ ಮಳೆ ಬಿದ್ದರೆ ಕಾಯಿ ಬೂಷ್ಟು ಹಿಡಿಯುತ್ತದೆ, ಬಣ್ಣಗೆಡುತ್ತದೆ. ಬಣ್ಣ ಕೆಟ್ಟರೆ ಬೆಲೆಯೂ ಇಲ್ಲ. ಬೆಲೆಯೆಂಬುದು ಇಲ್ಲಿ ರೈತನಿಗೆ ವರ್ಷದ ಅನ್ನ. 2024ರ ಮಾರ್ಚ್ 11ರಂದು ಧಾರಣೆ ಕುಸಿದಾಗ ರೊಚ್ಚಿಗೆದ್ದ ರೈತರು ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿಯಿಟ್ಟದ್ದು ಎಲ್ಲರಿಗೂ ತಿಳಿದ ಸಂಗತಿ.

ಈಗ ವಿದ್ಯಾರ್ಥಿಗಳ ತಂಡವೊಂದು ಮೆಣಸಿನಕಾಯಿ ಒಣಗಿಸುವ ಯಂತ್ರದ ಪ್ರಸ್ತಾವವನ್ನು ಮುಂದಿಟ್ಟಿತೆಂದು ಭಾವಿಸೋಣ. ಪರೀಕ್ಷಕನ ಮೊದಲ ಪ್ರಶ್ನೆ “ಇದು ಯಾವುದರ ಬದಲಿಗೆ?” ಎಂದಿರಬೇಕು. ಕಣದ ಬಿಸಿಲಿಗೆ ಇಂಧನದ ವೆಚ್ಚವಿಲ್ಲ, ಹೊಗೆಯೂ ಇಲ್ಲ. ಆದಕಾರಣ ವಿದ್ಯುತ್ತಿನಿಂದ ಕಾಯಿಸುವ ಯಂತ್ರ, ಎಷ್ಟೇ ದಕ್ಷವಾಗಿರಲಿ, ಬಿಸಿಲಿಗೆ ಹೋಲಿಸಿದರೆ ವಾಯುಗುಣದ ಲೆಕ್ಕದಲ್ಲಿ ನಷ್ಟವೇ. ಬಿಸಿಲನ್ನೇ ಬಳಸುವ ಮುಚ್ಚಿದ ಒಣಪೆಟ್ಟಿಗೆ ಕೂಡ ಇಂಧನವನ್ನು ಉಳಿಸಿತೆಂದು ಹೇಳಿಕೊಳ್ಳುವಂತಿಲ್ಲ. ಉಳಿಸಬೇಕಾದ ಇಂಧನ ಅಲ್ಲಿರಲೇ ಇಲ್ಲ. ಅದರ ನಿಜವಾದ ಲಾಭ ಬೇರೆಡೆ ಇದೆ. ಮಳೆಗೆ ಕೆಟ್ಟುಹೋಗುವ ಫಸಲಿನೊಡನೆ ಅದಕ್ಕೆ ಹಾಕಿದ ಗೊಬ್ಬರ, ನೀರು, ಡೀಸೆಲ್, ದುಡಿಮೆ ಎಲ್ಲವೂ ವ್ಯರ್ಥವಾಗುತ್ತವೆ. ಈ ನಷ್ಟವನ್ನು ಎಷ್ಟರಮಟ್ಟಿಗೆ ತಪ್ಪಿಸುತ್ತದೆಂಬುದೇ ಪೆಟ್ಟಿಗೆಯ ಅಳತೆಗೋಲು. ಶಾಖ ಮಿತಿಮೀರಿ ಬಣ್ಣ ಕುಂದಿದರೆ ಆ ಲಾಭವೂ ಸೊನ್ನೆ. ಸುಗ್ಗಿಯ ಎರಡು ಮೂರು ತಿಂಗಳು ಬಿಟ್ಟು ಉಳಿದ ಕಾಲದಲ್ಲಿ ಪೆಟ್ಟಿಗೆಗೆ ಏನು ಕೆಲಸ, ಕೆಟ್ಟರೆ ಊರಿನಲ್ಲಿ ರಿಪೇರಿ ಮಾಡುವವರಾರು ಎಂಬುದನ್ನೂ ಕೇಳಬೇಕು.

ಅದೇ ಬ್ಯಾಡಗಿಯಲ್ಲಿ ಇನ್ನೊಂದು ತಂಡ ಶೈತ್ಯಾಗಾರವನ್ನು ಆರಿಸಿಕೊಂಡರೆ ಲೆಕ್ಕ ತಿರುವುಮುರುವಾಗುತ್ತದೆ. ಬೆಲೆ ಬರುವವರೆಗೆ ಕಾಯಿಯನ್ನು ಕಾಪಿಡಲು ಊರಿನ ಸುತ್ತ ಶೈತ್ಯಾಗಾರಗಳು ಎದ್ದಿವೆ; ಅವು ಬೇಸಗೆಯುದ್ದಕ್ಕೂ ವಿದ್ಯುತ್ತನ್ನು ಬಳಸುತ್ತವೆ. ಅಲ್ಲಿ ಗೋಡೆಯ ಶಾಖನಿರೋಧವನ್ನು ಉತ್ತಮಪಡಿಸುವ ಆಕರ್ಷಣೆಯಿಲ್ಲದ ಪ್ರಸ್ತಾವವೂ ನೇರವಾದ ಉಳಿತಾಯವನ್ನು ತರಬಲ್ಲುದು. ಪ್ರದರ್ಶನದಲ್ಲಿ ನೋಟಕರ ಕಣ್ಣು ಹೊಳೆಯುವ ಒಣಪೆಟ್ಟಿಗೆಯ ಮೇಲೆ ನಿಲ್ಲುವುದು ಸಹಜ. ಪರೀಕ್ಷಕನ ಕಣ್ಣು ಗೋಡೆಯನ್ನೂ ಕಾಣಬೇಕು.

2017ರಲ್ಲಿ ಆರಂಭವಾದ ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್‌ನಲ್ಲಿ ಸರಕಾರದ ಇಲಾಖೆಗಳು ಸಮಸ್ಯೆಗಳನ್ನು ತಾವೇ ಮುಂದಿಡುತ್ತವೆ. ಸಮಸ್ಯೆಯನ್ನು ಹೇಳುವ ಹಕ್ಕು ಕಾಲೇಜಿನ ಹೊರಗೆ ಬಂದದ್ದು ಸ್ವಾಗತಾರ್ಹ. ಆದರೆ ಆ ಹಕ್ಕು ಇಲಾಖೆಯಲ್ಲಿಯೇ ನಿಲ್ಲದೆ ಕಣದವರೆಗೆ ಸಾಗಬೇಕಾಗಿದೆ. ಬ್ಯಾಡಗಿಯ ಪೇಟೆಯಲ್ಲಿ ವರ್ತಕನು ಕಾಯಿಯನ್ನು ಕೈಯಲ್ಲಿ ಹಿಡಿದು ಬಣ್ಣ, ಸುಕ್ಕು, ತೇವಗಳನ್ನು ನೋಡಿದ ಮೇಲೆಯೇ ಬೆಲೆ ಬರೆಯುತ್ತಾನೆ. ಹಾವೇರಿ, ರಾಣೆಬೆನ್ನೂರುಗಳ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಈ ಪೇಟೆ ದೂರವಲ್ಲ. ಅವರ ಯಂತ್ರದಲ್ಲಿ ಒಣಗಿದ ಕಾಯಿಯನ್ನು ಕಣದ ಕಾಯಿಯ ಪಕ್ಕದಲ್ಲಿಟ್ಟು ಅದೇ ವರ್ತಕನಿಂದ ಬೆಲೆ ಕಟ್ಟಿಸುವುದು ಯಾವ ಅಂಕಪಟ್ಟಿಗೂ ಕಡಿಮೆಯಾದ ಪರೀಕ್ಷೆಯಲ್ಲ.

ಯೋಜನೆಯ ಯೋಗ್ಯತೆ ಯಂತ್ರದೊಳಗೆ ಮಾತ್ರ ಇರುವುದಿಲ್ಲ. ಯಂತ್ರಕ್ಕೂ ಅದು ತೆರವು ಮಾಡುವ ಹಳೆಯ ಪದ್ಧತಿಗೂ ಇರುವ ಅಂತರದಲ್ಲಿ ಇರುತ್ತದೆ. ಆ ಹಳೆಯ ಪದ್ಧತಿಯನ್ನು ಅರಿಯದೆ ಹೊಸತಕ್ಕೆ ಅಂಕ ಕೊಡುವುದು ಸಾಧುವಲ್ಲ. ತಾಂತ್ರಿಕ ಪರೀಕ್ಷಕರೊಡನೆ ಇತಿಹಾಸದ ಅಭ್ಯಾಸಿಗೂ ಒಂದು ಸ್ಥಾನವಿರಬೇಕೆಂದು ಸೂಚಿಸುವುದು ಈ ಕಾರಣದಿಂದಲೇ.