ಕೋನಮಾನ, ಏಕಮಾನ ವೃತ್ತ ಮತ್ತು ತುರುವನೂರಿನ ಮಧ್ಯಾಹ್ನದ ನೆರಳು

ಚಿತ್ರದುರ್ಗ ತಾಲ್ಲೂಕಿನ ತುರುವನೂರು ಭೂಮಧ್ಯರೇಖೆಯ ಉತ್ತರಕ್ಕೆ ಸುಮಾರು 14.4 ಡಿಗ್ರಿ ಅಕ್ಷಾಂಶದಲ್ಲಿದೆ. ಅಕ್ಷಾಂಶವೆಂಬುದು ಭೂಕೇಂದ್ರದಲ್ಲಿ ಏರ್ಪಡುವ ಕೋನ. ಅದನ್ನು ಡಿಗ್ರಿಯಲ್ಲಿ ಹೇಳುವುದು ರೂಢಿ. ವೃತ್ತವನ್ನು 360 ಪಾಲು ಮಾಡಲೇಬೇಕೆಂಬ ಕಟ್ಟುಪಾಡು ವೃತ್ತದಲ್ಲೇನೂ ಇಲ್ಲ. ರೇಡಿಯನ್ ಹಾಗಲ್ಲ. ಕಂಸದ ಉದ್ದವನ್ನು ತ್ರಿಜ್ಯದಿಂದ ಭಾಗಿಸಿದಾಗ ಬರುವ ಸಂಖ್ಯೆಯೇ ಅದು. 14.4 ಡಿಗ್ರಿ ಎಂದರೆ 0.251 ರೇಡಿಯನ್. ಇದನ್ನು ಭೂಮಿಯ ತ್ರಿಜ್ಯವಾದ 6,371 ಕಿ.ಮೀ.ಗೆ ಗುಣಿಸಿದರೆ ಭೂಮಧ್ಯರೇಖೆಯಿಂದ ಊರಿಗಿರುವ ದೂರ ಸಿಗುತ್ತದೆ: ಸುಮಾರು 1,600 ಕಿ.ಮೀ.

ರೇಡಿಯನ್ ಎಂಬ ಹೆಸರು ಹೊಸದಾದರೂ ಅದರೊಳಗಿನ ವಿಚಾರ ಈ ನೆಲದ ಜ್ಯೋತಿರ್ಗಣಿತಕ್ಕೆ ಹಳೆಯದು. ಕ್ರಿ.ಶ. 499ರ ಸುಮಾರಿನ ಆರ್ಯಭಟೀಯದ ಜ್ಯಾ (ತ್ರಿಜ್ಯದಿಂದ ಗುಣಿಸಿದ ಸೈನ್) ಕೋಷ್ಟಕದಲ್ಲಿ ಪರಿಧಿ 21,600 ಕಲೆ (ಡಿಗ್ರಿಯ ಅರವತ್ತನೆಯ ಪಾಲು), ತ್ರಿಜ್ಯ 3,438 ಕಲೆ. ಬಾಗಿದ ಪರಿಧಿಯನ್ನೂ ನೇರ ತ್ರಿಜ್ಯವನ್ನೂ ಒಂದೇ ಮಾನದಲ್ಲಿ ಅಳೆದದ್ದು ಇಲ್ಲಿನ ಹೆಚ್ಚುಗಾರಿಕೆ. ಒಂದು ರೇಡಿಯನ್‌ನಲ್ಲಿರುವ ಕಲೆಗಳೂ 3,438 ಆಗಿರುವುದು ಕಾಕತಾಳೀಯವಲ್ಲ. ಭಾಸ್ಕರಾಚಾರ್ಯನ ಸಿದ್ಧಾಂತ ಶಿರೋಮಣಿಯೂ (1150) ಇದೇ ತ್ರಿಜ್ಯವನ್ನು ಬಳಸುತ್ತದೆ. ಅದರಂತೆ 30 ಡಿಗ್ರಿಯ ಜ್ಯಾ 1,719. ತ್ರಿಜ್ಯದ ನೇರ ಅರ್ಧ.

3,438ರ ಜಾಗದಲ್ಲಿ 1 ಇಟ್ಟರೆ ಏಕಮಾನ ವೃತ್ತ. ಕೇಂದ್ರವನ್ನು ಮೂಲಬಿಂದುವಿನಲ್ಲಿರಿಸಿ, ಬಲಗಡೆಯ ಅಕ್ಷದಿಂದ ಅಪ್ರದಕ್ಷಿಣವಾಗಿ ಕೋನವನ್ನು ಅಳೆದಾಗ, ವೃತ್ತದ ಮೇಲಿನ ಬಿಂದುವಿನ ಅಡ್ಡ ನಿರ್ದೇಶಾಂಕ ಕೊಸೈನ್, ಲಂಬ ನಿರ್ದೇಶಾಂಕ ಸೈನ್. 14.4 ಡಿಗ್ರಿಗೆ ಇವು 0.969 ಮತ್ತು 0.249. ಎರಡರ ವರ್ಗಗಳ ಮೊತ್ತ 1. ಇದು ಪೈಥಾಗೊರಸ್ ಪ್ರಮೇಯವೇ. ಸೈನನ್ನು ಕೊಸೈನಿನಿಂದ ಭಾಗಿಸಿದರೆ ಟ್ಯಾಂಜೆಂಟ್, 0.257.

ಈ ಕೊನೆಯ ಸಂಖ್ಯೆಯನ್ನು ಅಂಗಳದಲ್ಲೇ ಪರೀಕ್ಷಿಸಬಹುದು. ವಿಷುವದಿನದ ನಡುಹಗಲಿನಲ್ಲಿ ಸೂರ್ಯ ನೆತ್ತಿಯಿಂದ ಅಕ್ಷಾಂಶದಷ್ಟೇ ವಾಲಿರುತ್ತಾನೆ; ಆಗ ನೆಟ್ಟಗೆ ನಿಲ್ಲಿಸಿದ 12 ಅಂಗುಲದ ಕೋಲಿನ, ಅಂದರೆ ಶಂಕುವಿನ, ನೆರಳನ್ನು ಪಲಭಾ ಎನ್ನುತ್ತಾರೆ. ತುರುವನೂರಿಗೆ ಅದು 12ರ 0.257 ಪಾಲು, ಅಂದರೆ ಮೂರು ಅಂಗುಲಕ್ಕೆ ತುಸು ಹೆಚ್ಚು.

ಋಣ ಕೋನವೆಂದರೆ ವಿದ್ಯಾರ್ಥಿಗಳು ತಡವರಿಸುತ್ತಾರೆ. ಶಂಕು ಅದನ್ನೂ ಬಿಡಿಸಿ ತೋರಿಸುತ್ತದೆ. ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಎಷ್ಟು ವಾಲಿದ್ದಾನೆಂಬುದು ಅಕ್ಷಾಂಶದಿಂದ ಅವನ ಕ್ರಾಂತಿಯನ್ನು (ಖಗೋಳ ಮಧ್ಯರೇಖೆಯಿಂದ ಅವನ ಕೋನದೂರ; ಉತ್ತರಕ್ಕೆ ಧನ, ದಕ್ಷಿಣಕ್ಕೆ ಋಣ) ಕಳೆದಾಗ ತಿಳಿಯುತ್ತದೆ. ಡಿಸೆಂಬರ್ 21ರ ಹೊತ್ತಿಗೆ ಕ್ರಾಂತಿ ದಕ್ಷಿಣಕ್ಕೆ 23.4 ಡಿಗ್ರಿ; ವಾಲು 37.8 ಡಿಗ್ರಿ, ನೆರಳು ಉತ್ತರಕ್ಕೆ 9.3 ಅಂಗುಲ. ಜೂನ್ 21ಕ್ಕೆ ಕ್ರಾಂತಿ ಉತ್ತರಕ್ಕೆ ಅಷ್ಟೇ ಆದ್ದರಿಂದ ವಾಲು ಋಣ 9 ಡಿಗ್ರಿ. ಆ ಕೋನದ ಬಿಂದು ಏಕಮಾನ ವೃತ್ತದ ನಾಲ್ಕನೆಯ ಪಾದದಲ್ಲಿರುವುದರಿಂದ ಸೈನೂ ಟ್ಯಾಂಜೆಂಟೂ ಋಣ. ನೆರಳು ಸುಮಾರು 1.9 ಅಂಗುಲ, ಬೀಳುವುದು ದಕ್ಷಿಣಕ್ಕೆ. ಏಪ್ರಿಲ್ ಕೊನೆಯಲ್ಲೊಮ್ಮೆ, ಆಗಸ್ಟ್ ಮಧ್ಯದಲ್ಲೊಮ್ಮೆ ವಾಲು ಸೊನ್ನೆಯಾಗಿ, ನಡುಹಗಲಿಗೆ ಶಂಕುವಿಗೆ ನೆರಳೇ ಇರುವುದಿಲ್ಲ.